ತಾವು ಸ್ವಲ್ಪ ತಗ್ಗಬೇಕಾಗಿ ವಿನಂತಿ

ಇವರಿಗೆ,
ಮಾನ್ಯ ರೋಗನಿರೋಧಕ ಶಕ್ತಿಯವರು,
ಚರ್ಮ ವಿಭಾಗ.

ವಿಷಯ: ನೆತ್ತಿ, ಹುಬ್ಬು, ಮೂಗಿನ ಮಗ್ಗುಲು ಮತ್ತು ಕಿವಿಯ ಹಿಂದಿನ ಸಂದುಗಳಲ್ಲಿ ಹಳೆಯ ಒಕ್ಕಲೊಬ್ಬನ ಮೇಲೆ ತಮ್ಮ ಸಿಬ್ಬಂದಿ ನಡೆಸುತ್ತಿರುವ ಲಾಠಿಚಾರ್ಜಿನ ಕುರಿತು.

ಮಾನ್ಯರೇ,

ಮೊದಲಿಗೆ ಅಭಿನಂದನೆ. 2020ರಿಂದೀಚೆಗೆ ಈ ದೇಶದಲ್ಲಿ ತಮ್ಮಷ್ಟು ಜನಪ್ರಿಯರಾದ ಅಧಿಕಾರಿ ಮತ್ತೊಬ್ಬರಿಲ್ಲ. ಅರಿಶಿನದ ಹಾಲು, ಅಮೃತಬಳ್ಳಿಯ ರಸ, ಕರಿಮೆಣಸಿನ ಕಷಾಯ, ಬಣ್ಣದ ಡಬ್ಬದಲ್ಲಿ ಬರುವ ಪುಡಿ, ಎಲ್ಲವೂ ತಮ್ಮನ್ನು ಹೆಚ್ಚಿಸುತ್ತವಂತೆ. ನಮ್ಮ ಬೆಳ್ಳಾರೆ ಕಡೆಯಲ್ಲಿ ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮೊದಲೇ ಹಾಲೆ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತೆಗೆದು, ಕಷಾಯ ಮಾಡಿ ಖಾಲಿ ಹೊಟ್ಟೆಗೆ ಕುಡಿದು, ಆಮೇಲೆ ಮೆಂತೆ ಗಂಜಿ ಉಣ್ಣುವುದು ಹಿಂದಿನಿಂದ ಬಂದ ಕ್ರಮ. ಅಜ್ಜಿಯಂದಿರು "ಮೈಗೆ ಒಳ್ಳೇದು, ಕಣ್ಣು ಮುಚ್ಚಿ ಕುಡಿ" ಎಂದಷ್ಟೇ ಹೇಳಿ ಕುಡಿಸುತ್ತಿದ್ದರು. ಈಗ ಅದಕ್ಕೂ ತಮ್ಮ ಹೆಸರು ಅಂಟಿಕೊಂಡಿದೆ. "ಇಮ್ಯುನಿಟಿಗೆ ಭಾರೀ ಒಳ್ಳೇದು ಮಾರಾಯ್ರೆ" ಎನ್ನುತ್ತ ಲೋಟ ಮುಂದೆ ಹಿಡಿಯುತ್ತಾರೆ.

ಊರಿಗೆ ಊರೇ ತಮ್ಮ ಏಳಿಗೆಗೆ ಹರಕೆ ಹೊತ್ತಿರುವಾಗ, ತಾವು ಸ್ವಲ್ಪ ತಗ್ಗಬೇಕೆಂದು ಅರ್ಜಿ ಹಾಕುವವನು ನಾನೊಬ್ಬನೇ ಇರಬೇಕು. ಕಾರಣ ತಿಳಿಯಬೇಕಾದರೆ ನನ್ನ ಕಪ್ಪು ಅಂಗಿಯ ಹೆಗಲು ನೋಡಿದರೆ ಸಾಕು. ಇನ್ನೂ ಹತ್ತಿರ ಬಂದರೆ ಹುಬ್ಬಿನೊಳಗೆ ಹಳದಿ ಛಾಯೆಯ ಜಿಡ್ಡು ಜಿಡ್ಡಾದ ಪೊರೆ, ಮೂಗಿನ ಎರಡೂ ಬದಿಯಲ್ಲಿ ಕೆಂಪು, ಕಿವಿಯ ಹಿಂದೆ ಬಿರುಕು. ಡಾಕ್ಟರು ಇದನ್ನು ಸೆಬೊರಿಕ್ ಡರ್ಮಟೈಟಿಸ್ ಅನ್ನುತ್ತಾರೆ. ತಲೆಹೊಟ್ಟು ಇದರ ಪಾಪದ ತಮ್ಮ.

ತಮ್ಮ ಕಡತದಲ್ಲಿ ಆರೋಪಿಯ ಹೆಸರು ಮಲಸೇಜಿಯಾ ಎಂದಿದೆ. ಯೀಸ್ಟ್ ಬಗೆಯ ಶಿಲೀಂಧ್ರ. 1846ರಲ್ಲಿ ಜರ್ಮನಿಯ ಐಕ್‌ಸ್ಟೆಟ್ ಚಿಬ್ಬಿನ ಕಲೆಯಲ್ಲಿ ಶಿಲೀಂಧ್ರವಿದೆಯೆಂದು ಗುರುತಿಸಿದ. 1874ರಲ್ಲಿ ಫ್ರಾನ್ಸಿನ ಲೂಯಿ ಶಾರ್ಲ್ ಮಲಸೇ ತಲೆಯ ಹೊಟ್ಟಿನಲ್ಲಿ ದುಂಡನೆಯ ಕೋಶಗಳನ್ನು ಕಂಡ. 1889ರಲ್ಲಿ ಇನ್ನೊಬ್ಬ ಫ್ರೆಂಚರವ ಬೈಯೋನ್, ಆ ಕುಲಕ್ಕೆ ಮಲಸೇಯ ಹೆಸರನ್ನೇ ಇಟ್ಟುಬಿಟ್ಟ. ಮನೆತನದ ಹೆಸರು ತಲೆಹೊಟ್ಟಿನಲ್ಲಿ ಅಮರವಾಗುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ. ಇವನ ದಾಯಾದಿಯೊಬ್ಬನನ್ನು 1925ರಲ್ಲಿ ಚರ್ಮ ಸುಲಿಯುತ್ತಿದ್ದ ಭಾರತದ ಘೇಂಡಾಮೃಗವೊಂದರ ಮೈಯಿಂದ ಹಿಡಿದರು. ನಮ್ಮ ಅಂಗಳದ ನಾಯಿ ರಾತ್ರಿಯಿಡೀ ಕಿವಿ ಕೆರೆದುಕೊಳ್ಳುವುದರ ಹಿಂದೆಯೂ ಅನೇಕ ಸಲ ಅದೇ ದಾಯಾದಿ ಇರುತ್ತಾನೆ.

ಆದರೆ ಸ್ವಾಮಿ, ಇವನು ನಿನ್ನೆ ಮೊನ್ನೆ ಗಡಿ ದಾಟಿ ಬಂದವನಲ್ಲ. ಮಗು ಹುಟ್ಟಿದ ಮೊದಲ ದಿನಗಳಲ್ಲೇ ಮೈಮೇಲೆ ಒಕ್ಕಲು ಬರುತ್ತಾನೆ, ನಾವು ಹೋಗುವ ತನಕ ಇರುತ್ತಾನೆ. 2013ರಲ್ಲಿ ಅಮೆರಿಕದ ಸಂಶೋಧಕರು ಆರೋಗ್ಯವಂತರ ಮೈಯ 14 ಜಾಗಗಳ ಶಿಲೀಂಧ್ರಗಳನ್ನು ಲೆಕ್ಕ ಹಾಕಿದರು. 11 ಜಾಗಗಳಲ್ಲಿ ಇವನದೇ ಬಹುಮತ. ಪಾದದ ಮೂರು ಕಡೆ ಮಾತ್ರ ಸಮ್ಮಿಶ್ರ ಸರ್ಕಾರ. ಭೂಸುಧಾರಣೆಯ ಕಾಲದಲ್ಲಿ ನಮ್ಮ ಹಿರಿಯರು ಹಾಕಿದ ಹಾಗೆ ಇವನೂ ಒಂದು ಡಿಕ್ಲರೇಶನ್ ಹಾಕಿದ್ದರೆ ಇಡೀ ನೆತ್ತಿ ಇವನ ಹೆಸರಿಗೆ ಆಗುತ್ತಿತ್ತು.

ಗೇಣಿಯನ್ನೂ ಇವನು ಕೊಡುತ್ತಾನೆ ಎನ್ನುವುದಕ್ಕೆ ಪುರಾವೆ ಇದೆ. 2018ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಮಲಸೇಜಿಯಾ ಗ್ಲೋಬೋಸಾ ಸುರಿಸುವ ಒಂದು ಕಿಣ್ವ, ಸ್ಟಫೈಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾ ಒತ್ತಾಗಿ ಪದರ ಕಟ್ಟಿಕೊಂಡು ಬೀಡು ಬಿಡುವುದನ್ನು, ಪ್ರಯೋಗಾಲಯದ ಮಟ್ಟಿಗಾದರೂ, ತಗ್ಗಿಸುತ್ತದೆ. ಕುರು, ಕೀವಿಗೆ ಕಾರಣವಾಗುವ ಬ್ಯಾಕ್ಟೀರಿಯಾ ಅದು. ತಮ್ಮ ಇಲಾಖೆಯ ಕೆಲಸವನ್ನೇ ಒಕ್ಕಲು ಮಾಡಿಕೊಡುತ್ತಿದ್ದಾನೆ.

ಇವನ ದೌರ್ಬಲ್ಯವೊಂದೇ: ಎಣ್ಣೆ. ಬದುಕಲು ಬೇಕಾದ ಕೊಬ್ಬಿನಾಮ್ಲವನ್ನು ತಾನೇ ತಯಾರಿಸಿಕೊಳ್ಳಲು ಇವನಿಗೆ ಬರುವುದಿಲ್ಲ. 2007ರಲ್ಲಿ ಇವನ ಜೀನೋಮ್ ಓದಿದಾಗ ಆ ಕೆಲಸಕ್ಕೆ ಬೇಕಾದ ಜೀನೇ ಸಿಗಲಿಲ್ಲ. (ಓದಿದವರಲ್ಲಿ ತಲೆಹೊಟ್ಟಿನ ಶಾಂಪೂ ಮಾರುವ ಕಂಪನಿಯ ವಿಜ್ಞಾನಿಗಳೇ ಮುಂದಿದ್ದರು. ಶತ್ರುವಿನ ಜಾತಕ ಶಾಂಪೂ ಕಂಪನಿಗಲ್ಲದೆ ಇನ್ಯಾರಿಗೆ ಬೇಕು?) ಆದ್ದರಿಂದ ನಮ್ಮ ಚರ್ಮದ ಗ್ರಂಥಿಗಳು ಒಸರುವ ಜಿಡ್ಡನ್ನೇ ನಂಬಿ ಬದುಕುತ್ತಾನೆ. ಪ್ರಯೋಗಾಲಯದಲ್ಲಿ ಬೆಳೆಸಬೇಕಾದರೂ ಮೇಲಿಂದ ಆಲಿವ್ ಎಣ್ಣೆ ಬಿಡಬೇಕು. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕೌಸ್ತುವ್ ಸನ್ಯಾಲರ ತಂಡವೂ ಈ ಕುಟುಂಬದ ಬೆನ್ನು ಹತ್ತಿತ್ತು. ವರ್ಣತಂತುಗಳ ನಡುಗಂಟು, ಅಂದರೆ ಸೆಂಟ್ರೋಮಿಯರ್, ಮುರಿದು ಅಥವಾ ಕೆಲಸ ನಿಲ್ಲಿಸಿ, ಮೂಲದಲ್ಲಿ ಒಂಬತ್ತಿದ್ದ ವರ್ಣತಂತುಗಳು ಕಡಿಮೆಯಾಗುತ್ತ ಬೇರೆ ಬೇರೆ ಪ್ರಭೇದಗಳು ಕವಲೊಡೆದವೆಂದು ಆ ತಂಡ 2020ರಲ್ಲಿ ತೋರಿಸಿತು. ಇಷ್ಟು ಪಾಲುಪಟ್ಟಿ ಆದ ಮೇಲೂ ಒಬ್ಬನಿಗೂ ಸ್ವಂತ ಎಣ್ಣೆ ಗಾಣ ದಕ್ಕಲಿಲ್ಲ.

ಇಂಥ ಎಣ್ಣೆಬಾಕನಿಗೆ ನಮ್ಮ ಮನೆಗಳಲ್ಲಿ ಏನು ಉಪಚಾರ ಗೊತ್ತೇ? "ತಲೆ ಒಣಗಿದ್ದು ಮಗಾ, ಅದಕ್ಕೇ ಹೊಟ್ಟು ಬರುವುದು, ಸರಿಯಾಗಿ ಎಣ್ಣೆ ಹಾಕು" ಎಂದು ಅತ್ತೆ, ದೊಡ್ಡಮ್ಮ, ಪಕ್ಕದ ಮನೆಯವರು ಒಕ್ಕೊರಲಿನಿಂದ ಹೇಳುತ್ತಾರೆ. ಎಣ್ಣೆ ಹಾಕಿದಾಗ ಹೊಟ್ಟು ನೆನೆದು ತಲೆಗೇ ಅಂಟಿಕೊಳ್ಳುವುದರಿಂದ ಒಂದು ದಿನದ ಮಟ್ಟಿಗೆ ಅವರ ಮಾತು ನಿಜವೂ ಆಗುತ್ತದೆ. ಎಣ್ಣೆ ಸ್ನಾನದ ಸುಖಕ್ಕೆ ನಾನು ವಿರೋಧಿಯಲ್ಲ. ಹಚ್ಚಿದ್ದನ್ನು ಅದೇ ದಿನ ತೊಳೆಯದೆ, ಮರುದಿನ ಅದರ ಮೇಲೆ ಇನ್ನೊಂದು ಅಂಗೈ ಸುರಿದು, ಹೆಲ್ಮೆಟ್ ಹಾಕಿ ಪುತ್ತೂರಿಗೆ ಹೊರಡುವ ಪದ್ಧತಿಯ ಬಗ್ಗೆ ಮಾತ್ರ ತಕರಾರು.

ಈಗ ಘಟನೆಯ ವಿವರಕ್ಕೆ ಬರೋಣ. ತಾವು ಮೇಲಧಿಕಾರಿಗಳು, ನೆತ್ತಿಯ ತನಕ ಇಳಿದು ನೋಡಿರಲಿಕ್ಕಿಲ್ಲ.

ಚರ್ಮದ ಜಿಡ್ಡನ್ನು ಇವನು ಇಡಿಯಾಗಿ ನುಂಗುವುದಿಲ್ಲ. ಲೈಪೇಸ್ ಎಂಬ ಕಿಣ್ವ ಹೊರಗೆ ಬಿಟ್ಟು ಒಡೆಯುತ್ತಾನೆ. ಒಡೆದದ್ದರಲ್ಲಿ ತನಗೆ ಬೇಕಾದ ಸ್ಯಾಚುರೇಟೆಡ್ ಕೊಬ್ಬಿನಾಮ್ಲಗಳನ್ನು ಎತ್ತಿಕೊಂಡು ಬೇಡದ್ದನ್ನು ಅಲ್ಲೇ ಬಿಡುತ್ತಾನೆ. ಹಾಗೆ ಬಿಟ್ಟದ್ದರಲ್ಲಿ ಒಂದು ಓಲಿಯಿಕ್ ಆಮ್ಲ. ಅದು ಚರ್ಮದ ಹೊರಪದರದೊಳಗೆ ಇಳಿದು ತಡೆಗೋಡೆಯನ್ನು ಸಡಿಲಿಸುತ್ತದೆ. ತಮಾಷೆಯೆಂದರೆ ಇದು ಎಲ್ಲರಿಗೂ ಒಂದೇ ಹಾಗೆ ತಾಗುವುದಿಲ್ಲ. 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಯೀಸ್ಟನ್ನು ಪಕ್ಕಕ್ಕಿಟ್ಟು ಓಲಿಯಿಕ್ ಆಮ್ಲವನ್ನೇ ನೇರವಾಗಿ ತಲೆಗೆ ಹಚ್ಚಿದರು. ಹೊಟ್ಟಿನ ಪ್ರಕೃತಿಯವರಿಗೆ ಹೊಟ್ಟು ಎದ್ದಿತು. ಉಳಿದವರಿಗೆ ಏನೂ ಆಗಲಿಲ್ಲ. ಒಕ್ಕಲು ಎಲ್ಲರ ತಲೆಯ ಮೇಲೂ ಇದ್ದಾನೆ, ಕಸ ಎಲ್ಲ ಕಡೆಯೂ ಚೆಲ್ಲುತ್ತಾನೆ. ರಂಪ ಆಗುವುದು ಕೆಲವು ಮನೆಗಳಲ್ಲಿ ಮಾತ್ರ.

ಅಲ್ಲಿಗೆ ತಮ್ಮ ಸಿಬ್ಬಂದಿಯ ಪ್ರವೇಶ. ಮಿಂಕಲ್ ಮತ್ತು ಡೆಕ್ಟಿನ್-2 ಎಂಬ ಹೆಸರಿನ ಇಬ್ಬರು ಕಾವಲಿನವರು ಇವನ ಮೈಯ ಮೇಲಿನ ಸಕ್ಕರೆ, ಕೊಬ್ಬುಗಳ ಗುರುತು ಹಿಡಿಯುತ್ತಾರೆಂದು ಜಪಾನಿನ ಶೋ ಯಮಸಾಕಿಯವರ ತಂಡ 2009ರಲ್ಲೂ 2013ರಲ್ಲೂ ತೋರಿಸಿತು. ಕಾವಲಿನವರು ಸೀಟಿ ಊದಿದೊಡನೆ ಟಿ ಕೋಶಗಳ ತುಕಡಿ ಐಎಲ್-17 ಎಂಬ ಸಂದೇಶ ಹರಿಬಿಡುತ್ತದೆ. ರಕ್ತನಾಳ ಹಿಗ್ಗಿ ಜಾಗ ಕೆಂಪಾಗುತ್ತದೆ, ಬಿಳಿ ರಕ್ತಕಣಗಳು ಓಡಿ ಬರುತ್ತವೆ, ತುರಿಕೆ ಶುರುವಾಗುತ್ತದೆ. ಚರ್ಮದ ಕೋಶಗಳು ತಳದಿಂದ ಹುಟ್ಟಿ ಸಾವಧಾನದಿಂದ ಮೇಲೆ ಬಂದು, ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಉದುರಬೇಕಾದವು. ಈ ಗಲಾಟೆಯಲ್ಲಿ ಅವು ಅರ್ಧಂಬರ್ಧ ಬಲಿತು, ಗುಂಪು ಗುಂಪಾಗಿ, ಒಂದಕ್ಕೊಂದು ಅಂಟಿಕೊಂಡೇ ಮೇಲೆ ತಳ್ಳಿಸಿಕೊಂಡು ಬರುತ್ತವೆ. ಹೆಗಲ ಮೇಲೆ ಬೀಳುವುದು ಅವು. ಯೀಸ್ಟ್ ಅಲ್ಲ, ಕೊಳೆಯೂ ಅಲ್ಲ. ತಮ್ಮ ಕಾರ್ಯಾಚರಣೆಯಲ್ಲಿ ಕಾಲ್ತುಳಿತಕ್ಕೆ ಸಿಕ್ಕ ನನ್ನವೇ ಕೋಶಗಳು.

2019ರಲ್ಲಿ ಜ್ಯೂರಿಕ್‌ನ ಸಂಶೋಧಕರು ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದು ತಮ್ಮ ಸೇವಾಪುಸ್ತಕದಲ್ಲಿ ನಮೂದಾಗಬೇಕು. ಐಎಲ್-17ರ ವ್ಯವಸ್ಥೆ ಇಲ್ಲದ ಇಲಿಯ ಚರ್ಮದಲ್ಲಿ ಮಲಸೇಜಿಯಾ ಹದ್ದು ಮೀರಿ ಬೆಳೆಯಿತು. ಅಂದರೆ ಇವನನ್ನು ಹದ್ದಿನಲ್ಲಿ ಇಟ್ಟಿರುವುದು ತಾವೇ, ಒಪ್ಪಿದೆ. ಆದರೆ ಚರ್ಮದ ತಡೆಗೋಡೆ ಮೊದಲೇ ಹಾಳಾಗಿದ್ದ ಕಡೆ, ಅದೇ ಐಎಲ್-17 ಉರಿಯೂತಕ್ಕೆ ತುಪ್ಪ ಸುರಿಯಿತು. ಒಂದೇ ಲಾಠಿ: ಒಂದು ಕಡೆ ಶಿಸ್ತು, ಇನ್ನೊಂದು ಕಡೆ ದೊಂಬಿ. ತಮಗೆ ನೆನಪಿರಲಿ, ಇದು 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ದಂಡು ಕಂಪನಿ ಸರ್ಕಾರದ ಖಜಾನೆಯನ್ನೇ ವಶಪಡಿಸಿಕೊಂಡ ಊರು. ಅಧಿಕಾರದ ಅತಿರೇಕವನ್ನು ಬೆಳ್ಳಾರೆ ಎಷ್ಟು ದಿನ ತಾಳೀತು ಎಂದು ಹೇಳಲು ಬರುವುದಿಲ್ಲ.

ಇನ್ನು ತಮ್ಮ ಪಕ್ಷಪಾತದ ವಿಷಯ. ನನಗೆ ನಿಜಕ್ಕೂ ಸಿಟ್ಟು ಬರುವುದು ಇಲ್ಲಿ.

ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವವರನ್ನು ನೋಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕೊಳೆರೋಗ ಬಾರದ ಹಾಗೆ ನಲವತ್ತು ನಲವತ್ತೈದು ದಿನಕ್ಕೊಮ್ಮೆ ಮರದ ಗೊನೆಗೊನೆಗೂ ತಾಗಿಸಬೇಕು. ಮಳೆ ಬಿಟ್ಟ ಗಳಿಗೆ ನೋಡಿ ಹತ್ತುವುದು, ಬೆವರಿನಲ್ಲೂ ಮದ್ದಿನಲ್ಲೂ ನೆನೆದ ಅಂಗಿ ಸಂಜೆಯ ತನಕ ಮೈಯಲ್ಲೇ ಒಣಗುವುದು. ಅವರ ಬೆನ್ನು, ಎದೆ, ತೋಳುಗಳ ಮೇಲೆ ಮಸುಕು ಬಿಳಿಯ ಕಲೆ ಕಲೆ. ಉಗುರಿನಿಂದ ಮೆಲ್ಲಗೆ ಕೆರೆದರೆ ಹಿಟ್ಟಿನ ಹಾಗೆ ಪುಡಿ ಏಳುತ್ತದೆ. "ಮದ್ದು ಬಿದ್ದು ಹೀಗಾದದ್ದು" ಎಂದು ಅವರೇ ಸಮಾಧಾನ ಹೇಳಿಕೊಳ್ಳುತ್ತಾರೆ. ಅದು ಚಿಬ್ಬು. ಮಾಡಿದವನು ಇದೇ ಮಲಸೇಜಿಯಾ.

ತಲೆಯ ಮೇಲೆ ದುಂಡಗೆ, ತಣ್ಣಗೆ ಕೂತಿರುವ ಇವನು ಚಿಬ್ಬಿನಲ್ಲಿ ವೇಷ ಬದಲಿಸಿ ಎಳೆ ಬಿಡುತ್ತಾನೆ. ಕಲೆಯ ಪುಡಿ ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ತುಂಡು ತುಂಡು ಸೇಮಿಗೆಯ ನಡುವೆ ಸಾಬಕ್ಕಿ ಚೆಲ್ಲಿದ ಹಾಗೆ ಕಾಣುತ್ತದೆ. ಇಷ್ಟು ರಾಜಾರೋಷವಾಗಿ ಅತಿಕ್ರಮಣ ನಡೆದಿರುವ ಜಾಗದಲ್ಲಿ ತಮ್ಮ ಸಿಬ್ಬಂದಿ ಎಲ್ಲಿ? ಕೆಂಪಿಲ್ಲ, ಊತವಿಲ್ಲ, ತುರಿಕೆಯೂ ಇಲ್ಲವೆನ್ನುವಷ್ಟು ಕಡಿಮೆ. ಎಳೆ ಬಿಟ್ಟು ಬೇಲಿ ಸರಿಸಿದವನ ಕಡೆ ತಿರುಗಿಯೂ ನೋಡದೆ, ಸುಮ್ಮನೆ ಕೂತವನ ಮೇಲೆ ಲಾಠಿ ಬೀಸುವುದು ಯಾವ ಕಾನೂನು? ಕಾವಲಿನವರನ್ನು ಮಂಕಾಗಿಸುವ ಕೆಲವು ರಾಸಾಯನಿಕಗಳನ್ನು ಅವನೇ ತಯಾರಿಸುತ್ತಾನೆಂಬ ಅನುಮಾನ ವಿಜ್ಞಾನಿಗಳಿಗಿದೆ. ನಮ್ಮ ತಾಲೂಕು ಕಚೇರಿಗಳ ಅನುಭವವಿರುವವರಿಗೆ ಈ ಅನುಮಾನ ಅರ್ಥವಾಗಲು ಕಷ್ಟವಿಲ್ಲ.

ಚಿಬ್ಬಿನ ಬಿಳಿ ಬಣ್ಣಕ್ಕೂ ಒಂದು ಕಥೆ ಉಂಟು. ಮಲಸೇಜಿಯಾ ಉಂಟುಮಾಡುವ ಅಜೆಲಾಯಿಕ್ ಆಮ್ಲ, ಚರ್ಮಕ್ಕೆ ಬಣ್ಣ ಕೊಡುವ ಕಿಣ್ವಕ್ಕೆ ಅಡ್ಡಗಾಲು ಹಾಕುತ್ತದೆಂದು ಇಟಲಿಯ ಸಂಶೋಧಕರು 1978ರಲ್ಲಿ ಹೇಳಿದರು. ಅದೇ ಆಮ್ಲ ಈಗ ಮೊಡವೆಗೆ, ಮುಖದ ಕಪ್ಪು ಕಲೆಗೆ ಕ್ರೀಮಾಗಿ ಮೆಡಿಕಲಿನಲ್ಲಿ ಸಿಗುತ್ತದೆ. ಬೆನ್ನಿನ ಮೇಲೆ ಪುಕ್ಕಟೆ ಬಂದರೆ ರೋಗ, ಟ್ಯೂಬಿನಲ್ಲಿ ದುಡ್ಡು ಕೊಟ್ಟು ತಂದರೆ ಸೌಂದರ್ಯ. ಹುಡುಗಿಯ ಕತ್ತಿನಲ್ಲಿ ನಾಲ್ಕು ಚಿಬ್ಬಿನ ಕಲೆ ಕಂಡರೆ "ತೊನ್ನೋ ಏನೋ" ಎಂದು ಪಿಸುಗುಟ್ಟುವ ಮದುವೆ ದಲ್ಲಾಳಿಗಳಿಗೆ ಇಷ್ಟು ತಿಳಿದಿದ್ದರೆ ಸಾಕಿತ್ತು: ಇದು ತೊನ್ನಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಅಲ್ಲ. ಮದ್ದು ಹಾಕಿ ಯೀಸ್ಟ್ ಅಡಗಿದರೂ ಬಣ್ಣ ಮರಳಲು ತಿಂಗಳುಗಳು ಬೇಕು.

ಗುರುತು ತಪ್ಪಿದ ಪ್ರಕರಣಗಳೂ ತಮ್ಮಲ್ಲಿ ಇವೆ. ಅಟೋಪಿಕ್ ಡರ್ಮಟೈಟಿಸ್, ಅಂದರೆ ಮಕ್ಕಳಲ್ಲಿ ಶುರುವಾಗುವ ಆ ಹಟಮಾರಿ ಇಸುಬು ಇರುವ ಕೆಲವರಲ್ಲಿ, ತಾವು ಮಲಸೇಜಿಯಾ ವಿರುದ್ಧ ಐಜಿಇ ಪ್ರತಿಕಾಯಗಳನ್ನೇ ಹೊರಡಿಸಿರುತ್ತೀರಿ. ಇವನ ಥಯೋರೆಡಾಕ್ಸಿನ್ ಎಂಬ ಪ್ರೋಟೀನಿಗೂ ಮನುಷ್ಯನ ಸ್ವಂತ ಥಯೋರೆಡಾಕ್ಸಿನ್‌ಗೂ ಮುಖಚಹರೆ ಹೋಲುತ್ತದೆ. ಒಕ್ಕಲನ್ನು ಹುಡುಕುತ್ತ ಬಂದ ತಮ್ಮ ಟಿ ಕೋಶಗಳು ಮನೆಯವರ ಕೊರಳಪಟ್ಟಿಗೇ ಕೈ ಹಾಕುತ್ತವೆ. 2013ರಲ್ಲಿ ಹಿರೋಶಿಮಾದ ಸಂಶೋಧಕರು ಇನ್ನೊಂದನ್ನು ಕಂಡುಹಿಡಿದರು: ಇಂಥವರಿಗೆ ಬೆವರಿದರೆ ತುರಿಕೆಯಾಗುವುದು ಬೆವರಿನಿಂದಲ್ಲ, ಬೆವರಿನಲ್ಲಿ ಬೆರೆತ ಮಲಸೇಜಿಯಾದ ಪ್ರೋಟೀನೊಂದರಿಂದ. ಏಪ್ರಿಲ್ ಮೇ ತಿಂಗಳಲ್ಲಿ ಬೆಳ್ಳಾರೆಗೆ ಬಂದು ಒಂದು ಮಧ್ಯಾಹ್ನ ಬಸ್ಸು ಕಾದವರಿಗೆ ಈ ಸಂಶೋಧನೆಯ ಬೆಲೆ ತಿಳಿಯುತ್ತದೆ. ನಮ್ಮಲ್ಲಿ ಬೆವರದೆ ಇರುವುದು ಗೋಡೆಯ ಗಡಿಯಾರ ಮಾತ್ರ.

ಹಾಗಾದರೆ ತಮ್ಮನ್ನು ಪೂರ್ತಿ ಕುಗ್ಗಿಸಿದರೆ ಎಲ್ಲ ಸರಿಹೋದೀತೇ? ಹೋಗುವುದಿಲ್ಲ. ಎಚ್‌ಐವಿ ಸೋಂಕಿನಿಂದ ಟಿ ಕೋಶಗಳು ಕುಸಿದವರಲ್ಲಿ ಈ ಸೆಬೊರಿಕ್ ಡರ್ಮಟೈಟಿಸ್ ಇನ್ನಷ್ಟು ಉಗ್ರವಾಗಿ, ಇನ್ನಷ್ಟು ಮಂದಿಗೆ ಬರುತ್ತದೆ. ತಾವು ಹೆಚ್ಚಾದರೂ ಕಷ್ಟ, ಇಲ್ಲವಾದರೆ ಮತ್ತೂ ಕಷ್ಟ. ಬೇಕಾದದ್ದು ವಿವೇಕ. ವಿವೇಕವನ್ನು ಹೆಚ್ಚಿಸುವ ಕಷಾಯದ ಜಾಹೀರಾತು ನಾನಿನ್ನೂ ನೋಡಿಲ್ಲ.

ತಮ್ಮನ್ನು ಮಲಗಿಸುವ ಟ್ಯೂಬ್ ಮಾತ್ರ ಎಲ್ಲ ಕಡೆ ಸಿಗುತ್ತದೆ. ಯಾವ ಪೇಟೆಯ ಮೆಡಿಕಲಿನಲ್ಲೂ ಈ ಸಂಭಾಷಣೆ ಕೇಳಬಹುದು.

"ಅಣ್ಣಾ, ತುರಿಕೆಗೆ ಒಂದು ಟ್ಯೂಬ್ ಕೊಡಿ."

"ಎಲ್ಲಿ, ಮುಖಕ್ಕಾ?"

"ಮುಖಕ್ಕೂ ಉಂಟು, ತೊಡೆಗೂ ಉಂಟು."

"ಇದು ಹಾಕಿ. ಎಲ್ಲದಕ್ಕೂ ಆಗ್ತದೆ."

ಎಲ್ಲದಕ್ಕೂ ಆಗುವ ಆ ಟ್ಯೂಬಿನೊಳಗೆ ಬಲವಾದ ಒಂದು ಸ್ಟೆರಾಯ್ಡ್, ಜೊತೆಗೆ ಶಿಲೀಂಧ್ರಕ್ಕೊಂದು ಬ್ಯಾಕ್ಟೀರಿಯಾಕ್ಕೊಂದು ಮದ್ದು. ಹಚ್ಚಿದ ಎರಡೇ ದಿನಕ್ಕೆ ಕೆಂಪು ಮಾಯ, ತುರಿಕೆ ಮಾಯ. ಗಿರಾಕಿ ಖುಷಿ. ಆದದ್ದಿಷ್ಟೇ: ಸ್ಟೆರಾಯ್ಡ್ ತಮ್ಮ ಸಿಬ್ಬಂದಿಯನ್ನು ಮಲಗಿಸಿದೆ. ಹಚ್ಚುವುದು ನಿಲ್ಲಿಸಿದೊಡನೆ ಅವರು ಎದ್ದು ಎರಡರಷ್ಟು ಸಿಟ್ಟಿನಿಂದ ಬರುತ್ತಾರೆ. ಮತ್ತೊಂದು ಟ್ಯೂಬ್. ತಿಂಗಳುಗಟ್ಟಲೆ ಹಚ್ಚಿದರೆ ಮುಖದ ಚರ್ಮ ತೆಳುವಾಗಿ ರಕ್ತನಾಳ ಕಾಣತೊಡಗುತ್ತದೆ, ಬಿಸಿಲಿಗೆ ಹೋದರೆ ಉರಿಯುತ್ತದೆ, ತೊಡೆಯ ಸಂದಿನಲ್ಲಿ ಚರ್ಮ ಬಿರಿದು ಗೆರೆ ಬೀಳುತ್ತದೆ. ಕಾವಲು ಮಲಗಿದ ಹೊತ್ತಿಗೆ ಚಿಬ್ಬು ಹರಡುವುದೂ ಉಂಟು, ಎದೆ ಬೆನ್ನಿನ ಕೂದಲ ಬುಡದಲ್ಲಿ ಮೊಡವೆಯಂಥ ಗುಳ್ಳೆ ಏಳುವುದೂ ಉಂಟು. ಆ ಗುಳ್ಳೆಯೂ ಮಲಸೇಜಿಯಾದ್ದೇ. ತೊಡೆಯಲ್ಲಿದ್ದದ್ದು ಹುಳುಕಡ್ಡಿಯಾಗಿದ್ದರೆ (ಅದು ಬೇರೆಯೇ ಶಿಲೀಂಧ್ರದ ಕೆಲಸ) ಗುರುತೇ ಸಿಗದ ಹಾಗೆ ರೂಪ ಬದಲಿಸಿ ಊರಗಲ ಬೆಳೆಯುತ್ತದೆ. ಹಚ್ಚುವ 14 ಸ್ಟೆರಾಯ್ಡ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲೇ ಆದೇಶ ಹೊರಡಿಸಿದೆ. ಆದೇಶ ದೆಹಲಿಯಿಂದ ಹೊರಟದ್ದು ನಿಜ. ಸುಳ್ಯ ತಾಲೂಕಿಗೆ ಬರುವ ದಾರಿಯಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದಿರಬೇಕು.

ಸರಿಯಾದ ದಾರಿ ಇದಕ್ಕಿಂತ ಸಪ್ಪೆ. ಒಕ್ಕಲನ್ನು ಎಬ್ಬಿಸುವುದು ಸಾಧ್ಯವಿಲ್ಲ, ಸಂಖ್ಯೆ ತಗ್ಗಿಸಬಹುದು. ಅದಕ್ಕೆ ಶೇಕಡ 2ರ ಕೀಟೊಕೊನಜೋಲ್ ಶಾಂಪೂ, ವಾರಕ್ಕೆ ಎರಡು ಸಲ, ಎರಡರಿಂದ ನಾಲ್ಕು ವಾರ. ಆಮೇಲೆ ವಾರಕ್ಕೋ ಹದಿನೈದು ದಿನಕ್ಕೋ ಒಂದು ಸಲ. ಚಿಬ್ಬಿಗೂ ಅದೇ ಮದ್ದು, ಅಥವಾ ಸೆಲೆನಿಯಂ ಸಲ್ಫೈಡ್, ಡಾಕ್ಟರು ಹೇಳಿದ ಕ್ರಮದಲ್ಲಿ. ಉರಿಯೂತ ಜೋರಾಗಿದ್ದರೆ ಡಾಕ್ಟರು ಸೌಮ್ಯವಾದ ಸ್ಟೆರಾಯ್ಡನ್ನು ಕೆಲವೇ ದಿನಕ್ಕೆ ಬರೆದುಕೊಡಬಹುದು, ಅದು ಅವರ ಲೆಕ್ಕ. ಶಾಂಪೂ ಮಾತ್ರ ತಲೆಯಲ್ಲಿ ಮೂರರಿಂದ ಐದು ನಿಮಿಷ ನಿಲ್ಲಬೇಕು. ಹೆಚ್ಚಿನವರು ಸೋಲುವುದು ಇಲ್ಲೇ. ಹಂಡೆಯಲ್ಲಿ ನೀರು ಕೊತಕೊತ ಅನ್ನುತ್ತಿದೆ, ಒಲೆಯ ಹೊಗೆ ಕಣ್ಣಿಗೆ, ನೊರೆಯೂ ಕಣ್ಣಿಗೆ, ಹೊರಗೆ "ಆಯ್ತಾ, ಬಸ್ಸು ಹೋಗ್ತದೆ" ಎಂಬ ಕೂಗು. ಅರ್ಧ ನಿಮಿಷಕ್ಕೆ ಚೊಂಬು ನೀರು ತಲೆಗೆ. ಸಾವಿರ ರೂಪಾಯಿಯ ಶಾಂಪೂ ಆದರೂ ಅಡಿಕೆ ತೋಟದ ಕಣಿಗೆ ಹರಿಯುವುದಷ್ಟೇ.

ಆದ್ದರಿಂದ ಮಾನ್ಯರೇ, ಹಳೆಯ ಒಕ್ಕಲಿನೊಡನೆ ಒಂದು ರಾಜಿಪಂಚಾಯಿತಿಗೆ ತಾವು ಒಪ್ಪಬೇಕಾಗಿ ಪ್ರಾರ್ಥನೆ. ಶಾಂಪೂವಿನ ಕರಾರನ್ನು ನಾನು ಪಾಲಿಸುತ್ತೇನೆ, ಎಣ್ಣೆಯನ್ನು ಅದೇ ದಿನ ತೊಳೆಯುತ್ತೇನೆ. ತಾವು ಹುಬ್ಬಿನಿಂದ ಪಡೆ ಹಿಂತೆಗೆಯಿರಿ. ಒಪ್ಪಂದ ಶಾಶ್ವತವಲ್ಲ, ಆಗಾಗ ನವೀಕರಿಸಬೇಕಾದದ್ದು. ಆಟಿಯ ಕಷಾಯ ಈ ವರ್ಷವೂ ಕುಡಿಯುತ್ತೇನೆ, ಅದು ಅಜ್ಜಿಯ ಮೇಲಿನ ಗೌರವಕ್ಕೆ. ತಾವು ಅದನ್ನು ಬಡ್ತಿಯ ಆದೇಶವೆಂದು ತಿಳಿಯಬಾರದು.

ಇತಿ,
ತಮ್ಮ ವ್ಯಾಪ್ತಿಯಲ್ಲೇ ವಾಸಿಸುವ
ಬೆಳ್ಳಾರೆಯ ಒಬ್ಬ ನಾಗರಿಕ.

ಪ್ರತಿ: ಓದುಗರಿಗೆ. ಮನೆಯ ಕಪಾಟಿನಲ್ಲಿ ಅರ್ಧ ಹಿಂಡಿದ ಟ್ಯೂಬ್ ಇದ್ದರೆ ಅದರ ಮೇಲಿನ ಸಣ್ಣ ಅಕ್ಷರ ಓದಿ. ಕ್ಲೋಬೆಟಸಾಲ್, ಬೆಟಮೆಥಸೋನ್, ಮೊಮೆಟಸೋನ್ ಎಂದಿದ್ದರೆ ಅದು ಸ್ಟೆರಾಯ್ಡ್. ಬಹಳ ದಿನದಿಂದ ಹಚ್ಚುತ್ತಿದ್ದರೆ ನೀವೇ ಒಮ್ಮೆಲೇ ನಿಲ್ಲಿಸಬೇಡಿ. ಟ್ಯೂಬನ್ನು ಕಿಸೆಯಲ್ಲಿಟ್ಟುಕೊಂಡು ಸುಳ್ಯಕ್ಕೋ ಪುತ್ತೂರಿಗೋ ಬಸ್ಸು ಹತ್ತಿ, ಚರ್ಮದ ಡಾಕ್ಟರಿಗೆ ತೋರಿಸಿ.